ಸಮುದಾಯದ ಶಿಲ್ಪ ಯಾರದು?

ಕಲಾ ಉತ್ಸವಗಳಿಗಾಗಿ ಬೃಹತ್ ಗಾತ್ರದ ಶಿಲ್ಪಗಳನ್ನು ಜನರಿಂದಲೇ ಹಣ ಕೂಡಿಸಿ, ಜನರ ಕೈಯಿಂದಲೇ ಕಟ್ಟಿಸುವ ಪದ್ಧತಿ ಹಬ್ಬುತ್ತಿರುವಂತೆ ಅದರ ಬೆನ್ನಿಗೇ ಒಂದು ನಂಬಿಕೆಯೂ ಬೇರೂರಿದೆ. ನೂರಾರು ಜನರ ಸಣ್ಣ ದೇಣಿಗೆಗಳಿಂದ ವೆಚ್ಚ ಭರಿಸಿ, ಹತ್ತಾರು ಸ್ವಯಂಸೇವಕರ ಸಂಬಳವಿಲ್ಲದ ದುಡಿಮೆಯಿಂದ ಎದ್ದು ನಿಂತ ಶಿಲ್ಪವು ಅಷ್ಟರಿಂದಲೇ ಸಮುದಾಯದ ಕೃತಿಯಾಗುತ್ತದೆ, ಅದು ಅರಸರ, ಸರ್ಕಾರದ ಅಥವಾ ಉದ್ಯಮಪತಿಗಳ ಆಶ್ರಯದಿಂದ ಬಿಡುಗಡೆ ಪಡೆದ ಕಲೆಯಾಗುತ್ತದೆ, ಆದ್ದರಿಂದ ಅದು ಸ್ವಭಾವತಃ ಪ್ರಜಾಸತ್ತಾತ್ಮಕವಾದುದು ಎಂಬುದು ಆ ನಂಬಿಕೆಯ ತಿರುಳು. ಉತ್ಸವದ ಸಂಘಟಕರು, ಕಲಾವಿದರು ಮತ್ತು ಕಲೆಯ ಬಗ್ಗೆ ಬರೆಯುವವರು ಇದನ್ನು ಪ್ರಶ್ನೆಗೆ ಎಡೆಯಿಲ್ಲದ ಮಾತೆಂಬಂತೆ ಬಳಸುತ್ತಾರೆ. ಈ ನಂಬಿಕೆಯಲ್ಲಿ ನಿಜಾಂಶವಿದೆಯಾದರೂ, ಒಂದಕ್ಕೊಂದು ಸಂಬಂಧವಿಲ್ಲದೆಯೂ ಇರಬಲ್ಲ ಹಲವು ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟಿರುವುದರಿಂದ ಅದು ಗೊಂದಲಕ್ಕೆ ಎಡೆಮಾಡಿದೆ. ಗಂಟನ್ನು ಬಿಚ್ಚಿ ಒಂದೊಂದನ್ನೂ ಬೇರೆಯಾಗಿ ತೂಗಿ ನೋಡಿದರೆ ಸಮುದಾಯದ ಶಿಲ್ಪವೆಂದು ಯಾವುದನ್ನು ಕರೆಯಬಹುದು, ಯಾವುದನ್ನು ಕರೆಯಲಾಗದು ಎಂಬುದು ಸ್ಪಷ್ಟವಾದೀತು.

ಈ ನಂಬಿಕೆಗೆ ಅತ್ಯಂತ ಬಲವಾದ ಆಧಾರ ಒದಗಿಸುವುದು ಅಮೆರಿಕದ ನೆವಾಡಾ ರಾಜ್ಯದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ಪ್ರತಿವರ್ಷ ನಡೆಯುವ ಬರ್ನಿಂಗ್ ಮ್ಯಾನ್ ಉತ್ಸವ. 1986ರಲ್ಲಿ ಲ್ಯಾರಿ ಹಾರ್ವಿ ಮತ್ತು ಜೆರ್ರಿ ಜೇಮ್ಸ್ ಎಂಬ ಗೆಳೆಯರು ಸ್ಯಾನ್ ಫ್ರಾನ್ಸಿಸ್ಕೊದ ಬೇಕರ್ ಕಡಲತೀರದಲ್ಲಿ ಸುಮಾರು 8 ಅಡಿ ಎತ್ತರದ ಮರದ ಮಾನವಾಕೃತಿಯೊಂದನ್ನು ಸುಟ್ಟದ್ದು ಇದರ ಆರಂಭ. 1990ರಲ್ಲಿ ಮರುಭೂಮಿಗೆ ಸ್ಥಳಾಂತರಗೊಂಡ ಈ ಕೂಟ ಮುಂದೆ ಬೆಳೆದು, ಆಗಸ್ಟ್ ಕೊನೆಯ ಹೊತ್ತಿಗೆ ಸುಮಾರು ಒಂದು ವಾರದ ಮಟ್ಟಿಗೆ 70–80 ಸಾವಿರ ಜನ ಸೇರುವ ತಾತ್ಕಾಲಿಕ ನಗರವೇ ಆಯಿತು. ಅಲ್ಲಿ ನಿಲ್ಲುವ ಶಿಲ್ಪಗಳಲ್ಲಿ ಆಯ್ದ ಕೆಲವಕ್ಕೆ ಸಂಘಟಕ ಸಂಸ್ಥೆ ಗೌರವಧನ ಕೊಡುತ್ತದೆ. ಆದರೆ ಅದು ಸಾಮಾನ್ಯವಾಗಿ ವೆಚ್ಚದ ಒಂದು ಪಾಲನ್ನಷ್ಟೇ ತುಂಬುವುದರಿಂದ ಉಳಿದ ಹಣವನ್ನು ಕಲಾವಿದರ ತಂಡವೇ ದೇಣಿಗೆ, ಸಹಾಯಾರ್ಥ ಕೂಟ ಮತ್ತು ಅಂತರ್ಜಾಲದ ಮೂಲಕ ನಡೆಯುವ ಜನನಿಧಿ ಸಂಗ್ರಹದಿಂದ ಹೊಂದಿಸಿಕೊಳ್ಳಬೇಕಾಗುತ್ತದೆ. 2009ರಲ್ಲಿ ಆರಂಭವಾದ ಕಿಕ್‌ಸ್ಟಾರ್ಟರ್‌ನಂಥ ವೇದಿಕೆಗಳು ಈ ದಾರಿಯನ್ನು ಸುಗಮಗೊಳಿಸಿದವು. 2004ರಲ್ಲಿ ಹಾರ್ವಿ ಬರೆದಿಟ್ಟ ಹತ್ತು ತತ್ತ್ವಗಳಲ್ಲಿ ಸಾಮುದಾಯಿಕ ಪ್ರಯತ್ನ, ಕೊಡುಗೆ, ಮಾರುಕಟ್ಟೆಯ ಸೋಂಕಿಲ್ಲದಿರುವಿಕೆ, ಹಿಂದೆ ಏನೂ ಗುರುತು ಉಳಿಸದಿರುವಿಕೆ ಮುಂತಾದವು ಸೇರಿರುವುದು ಈ ನಂಬಿಕೆಗೆ ಸಿದ್ಧಾಂತದ ರೂಪವನ್ನೂ ಕೊಟ್ಟಿದೆ.

ನಂಬಿಕೆಯ ಪರವಾಗಿ ಹೇಳಬಹುದಾದ ಮಾತುಗಳನ್ನು ಕುಗ್ಗಿಸದೆ ಹೇಳಬೇಕು. ಬೃಹತ್ ಶಿಲ್ಪಕ್ಕೆ ಯಾವ ಕಾಲದಲ್ಲೂ ದೊಡ್ಡ ಬಂಡವಾಳ ಬೇಕಾಗಿರುವುದರಿಂದ ಅದು ಬಂಡವಾಳವಿದ್ದವರ ಇಷ್ಟಾನಿಷ್ಟಗಳಿಗೆ ಒಳಪಟ್ಟೇ ಬೆಳೆದಿದೆ. ಒಬ್ಬ ದೊಡ್ಡ ಪೋಷಕನ ಜಾಗಕ್ಕೆ ಸಾವಿರ ಸಣ್ಣ ಪೋಷಕರು ಬಂದಾಗ ಅವರಲ್ಲಿ ಯಾರೊಬ್ಬರೂ ಕೃತಿಯ ಮೇಲೆ ಸವಾರಿ ಮಾಡಲಾರರು ಎಂಬ ತರ್ಕ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಎರಡನೆಯದಾಗಿ, ಬೆಸುಗೆ ಹಾಕುವುದನ್ನಾಗಲಿ ಮರ ಕೊಯ್ಯುವುದನ್ನಾಗಲಿ ಎಂದೂ ಮಾಡಿರದ ಜನ ತಿಂಗಳುಗಟ್ಟಲೆ ಒಂದು ಕಾರ್ಯಾಗಾರದಲ್ಲಿ ಸೇರಿ ದುಡಿದಾಗ ಅವರು ಕಸುಬು ಕಲಿಯುತ್ತಾರೆ, ಒಬ್ಬರನ್ನೊಬ್ಬರು ನಂಬಲು ಕಲಿಯುತ್ತಾರೆ. ಶಿಲ್ಪ ಅಳಿದರೂ ಈ ಕಲಿಕೆ ಉಳಿಯುತ್ತದೆ. ಮೂರನೆಯದಾಗಿ, ತಾನೇ ಮೊಳೆ ಹೊಡೆದ ಕೃತಿಯ ಮುಂದೆ ನಿಲ್ಲುವವನ ಅನುಭವವು ಟಿಕೆಟು ಕೊಂಡು ನೋಡುವವನ ಅನುಭವಕ್ಕಿಂತ ಬೇರೆಯಾದುದು. ಈ ಮೂರೂ ನಿಜವಾದ ಲಾಭಗಳು. ಆದರೆ ಸ್ವಾತಂತ್ರ್ಯ, ಕಲಿಕೆ ಮತ್ತು ಮಮತೆ ಎಂಬ ಈ ಮೂರರಿಂದ ಕೃತಿಯು ಸಮುದಾಯಕ್ಕೆ ಸೇರಿದ್ದು ಎಂಬ ತೀರ್ಮಾನಕ್ಕೆ ಜಿಗಿಯಲು ನಡುವೆ ಇನ್ನೂ ಕೆಲವು ಮೆಟ್ಟಿಲುಗಳು ಬೇಕು. ಪ್ರಚಲಿತ ನಂಬಿಕೆ ಆ ಮೆಟ್ಟಿಲುಗಳನ್ನು ಕಟ್ಟದೆಯೇ ಮೇಲೇರಿದೆ.

ಸಮುದಾಯದ ಬೆಂಬಲವೆಂದು ಒಟ್ಟಾಗಿ ಹೇಳುವಾಗ ಅದರೊಳಗೆ ಸೇರಿಕೊಳ್ಳುವ ಕ್ರಿಯೆಗಳನ್ನು ನಾಲ್ಕಾಗಿ ವಿಂಗಡಿಸಬಹುದು.

1. ಹಣ: ಕೃತಿಯ ಸಾಮಗ್ರಿ, ಸಾಗಣೆ, ಬಾಡಿಗೆ ಯಂತ್ರಗಳು ಮತ್ತು ವಿಮೆಯ ವೆಚ್ಚಕ್ಕಾಗಿ ಕೊಡುವ ದೇಣಿಗೆ.

2. ದುಡಿಮೆ: ಕತ್ತರಿಸುವುದು, ಜೋಡಿಸುವುದು, ಎತ್ತಿ ನಿಲ್ಲಿಸುವುದು, ಅಡುಗೆ ಮಾಡಿ ಬಡಿಸುವುದು ಮುಂತಾಗಿ ಸಂಬಳವಿಲ್ಲದೆ ಸಲ್ಲುವ ಶ್ರಮ.

3. ಒಪ್ಪಿಗೆ: ಕೃತಿಯು ಎಲ್ಲಿ, ಯಾವಾಗ, ಎಷ್ಟು ಕಾಲ ನಿಲ್ಲಬೇಕೆಂಬುದಕ್ಕೆ ಆ ಜಾಗದ ಜನ ನೀಡುವ ಸಮ್ಮತಿ.

4. ಹೊಣೆ: ಕೃತಿ ನಿಂತಮೇಲೆ ಅದರ ಸುರಕ್ಷತೆ, ನಿಗಾ, ದುರಸ್ತಿ, ತೆರವು ಅಥವಾ ನಾಶ, ಮತ್ತು ಅದು ಹಿಂದೆ ಬಿಟ್ಟುಹೋಗುವ ಕಸದ ಭಾರವನ್ನು ಹೊರುವಿಕೆ.

ಇವುಗಳಲ್ಲಿ ಒಂದಿದ್ದರೆ ಇನ್ನೊಂದು ಇದ್ದೇ ಇರುತ್ತದೆಂಬ ನಿಯಮವಿಲ್ಲ. ಹಣ ಕೊಟ್ಟವರು ದುಡಿಯದಿರಬಹುದು, ದುಡಿದವರನ್ನು ಯಾವ ವಿಷಯದಲ್ಲೂ ಕೇಳದಿರಬಹುದು, ಹಣವನ್ನೂ ದುಡಿಮೆಯನ್ನೂ ಕೊಡದವರ ತಲೆಯ ಮೇಲೆ ಕೊನೆಗೆ ಹೊಣೆ ಬೀಳಬಹುದು. ಪ್ರಚಲಿತ ನಂಬಿಕೆ ಮೊದಲ ಎರಡನ್ನು ಎಣಿಸಿ ನಾಲ್ಕೂ ಸಂದಾಯವಾದವೆಂದು ರಸೀದಿ ಕೊಡುತ್ತದೆ.

ಮೊದಲು ಹಣದ ವಿಷಯ. ಜನರ ಸಣ್ಣ ದೇಣಿಗೆಯಿಂದ ಬೃಹತ್ ಶಿಲ್ಪವನ್ನು ನಿಲ್ಲಿಸುವುದು ಅಂತರ್ಜಾಲ ಕಾಲದ ಆವಿಷ್ಕಾರವೇನಲ್ಲ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಗೆ ಪೀಠ ಕಟ್ಟಲು ಹಣ ಸಾಲದೆ ಕೆಲಸ ನಿಂತಾಗ, ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಜರ್ 1885ರಲ್ಲಿ ತನ್ನ ‘ವರ್ಲ್ಡ್’ ಪತ್ರಿಕೆಯ ಮೂಲಕ ಓದುಗರಿಗೆ ಮನವಿ ಮಾಡಿ, ಕೊಟ್ಟವರೆಲ್ಲರ ಹೆಸರನ್ನೂ ಅಚ್ಚುಹಾಕುವುದಾಗಿ ಮಾತುಕೊಟ್ಟನು. ಕೆಲವೇ ತಿಂಗಳಲ್ಲಿ 1 ಲಕ್ಷ 20 ಸಾವಿರಕ್ಕೂ ಹೆಚ್ಚು ಜನರಿಂದ 1 ಲಕ್ಷ ಡಾಲರಿಗೂ ಮಿಗಿಲಾದ ಮೊತ್ತ ಕೂಡಿತು. ಬಹುಪಾಲು ಮಂದಿ ಕೊಟ್ಟದ್ದು ಒಂದು ಡಾಲರಿಗಿಂತ ಕಡಿಮೆ. ಇಷ್ಟು ವಿಶಾಲವಾದ ಜನಬೆಂಬಲವಿದ್ದರೂ ಪ್ರತಿಮೆಯ ರೂಪ ಶಿಲ್ಪಿ ಬಾರ್ತೋಲ್ದಿಯದು, ಪೀಠದ ವಿನ್ಯಾಸ ವಾಸ್ತುಶಿಲ್ಪಿ ರಿಚರ್ಡ್ ಮಾರಿಸ್ ಹಂಟ್‌ನದು, ಜಾಗದ ಆಯ್ಕೆಯೂ ಮೊದಲೇ ಆಗಿದ್ದದ್ದು. ಕಾಸು ಕೊಟ್ಟವರ ಪಾಲಿಗೆ ಉಳಿದದ್ದು ಕೊಡುವ ಅಥವಾ ಕೊಡದಿರುವ ಆಯ್ಕೆ ಮಾತ್ರ. ಇಂದಿನ ಜನನಿಧಿ ಸಂಗ್ರಹದ ಸ್ವರೂಪವೂ ಮೂಲತಃ ಇದೇ. ವಿನ್ಯಾಸ ಸಿದ್ಧವಾದಮೇಲೆ, ಅದರ ಚಿತ್ರ ಮತ್ತು ವಿಡಿಯೊ ತಯಾರಾದಮೇಲೆಯೇ ಜನರ ಮುಂದೆ ಕೈಚಾಚಲಾಗುತ್ತದೆ. ಆದ್ದರಿಂದ ಅಲ್ಲಿ ನಡೆಯುವುದು ಆಶ್ರಯದ ಅಂತ್ಯವಲ್ಲ, ಆಶ್ರಯದ ಚೂರುಚೂರಾದ ಹಂಚಿಕೆ. ಅದರಿಂದ ಕಲಾವಿದನಿಗೆ ಸ್ವಾತಂತ್ರ್ಯ ಸಿಗುತ್ತದೆಂಬುದು ದಿಟ. ಆದರೆ ಕಲಾವಿದನ ಸ್ವಾತಂತ್ರ್ಯ ಮತ್ತು ಸಮುದಾಯದ ಅಧಿಕಾರ ಎರಡೂ ಒಂದೇ ಎಂದು ಭಾವಿಸುವುದು ತಪ್ಪು. ಸಾವಿರ ಪೋಷಕರಲ್ಲಿ ಯಾರಿಗೂ ಮಾತಿಲ್ಲದಿರುವುದೇ ಕಲಾವಿದನ ಸ್ವಾತಂತ್ರ್ಯಕ್ಕೆ ಕಾರಣವಾಗಿರುವಾಗ, ಆ ಮೌನವನ್ನೇ ಜನರ ದನಿಯೆಂದು ಸಾರುವುದು ಸರಿಯಾಗದು. ಜೊತೆಗೆ, ಯಾರ ಪರಿಚಯದ ಬಳಗ ದೊಡ್ಡದೋ, ಯಾರ ಬಳಗದ ಜೇಬು ತುಂಬಿದೆಯೋ ಅವರ ಶಿಲ್ಪವೇ ಮೊದಲು ಮೇಲೇಳುತ್ತದೆ ಎಂಬ ಸರಳ ಸಂಗತಿಯನ್ನೂ ಮರೆಯುವಂತಿಲ್ಲ.

ದುಡಿಮೆಯ ವಾದ ಇದಕ್ಕಿಂತ ಗಟ್ಟಿಯಾದುದು, ಏಕೆಂದರೆ ಹಣದಂತಲ್ಲದೆ ದುಡಿಮೆ ಕೃತಿಯ ಮೈಯೊಳಗೇ ಸೇರುತ್ತದೆ. ಶಿಲ್ಪಿ ಮಾರ್ಕೊ ಕೊಕ್ರೇನ್ 2010ರ ಬರ್ನಿಂಗ್ ಮ್ಯಾನ್ ಉತ್ಸವಕ್ಕೆ ತಂದ ‘ಬ್ಲಿಸ್ ಡ್ಯಾನ್ಸ್’ ಇದಕ್ಕೆ ಒಳ್ಳೆಯ ನಿದರ್ಶನ. 40 ಅಡಿ ಎತ್ತರದ, ಸುಮಾರು 3 ಟನ್ ತೂಕದ ಈ ನರ್ತಿಸುವ ಹೆಣ್ಣಿನ ಆಕೃತಿ ಒಂಟಿ ಪಾದದ ಮೇಲೆ ನಿಂತಿದೆ. ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಹೆಣೆದ ಒಳಗಟ್ಟು, ಅದರ ಮೇಲೆ ಚರ್ಮದಂತೆ ಹೊದಿಸಿದ ಲೋಹದ ಜಾಲರಿ, ಇವು ಅದರ ರಚನೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಟ್ರೆಷರ್ ದ್ವೀಪದ ಕಾರ್ಯಾಗಾರದಲ್ಲಿ ಸ್ವಯಂಸೇವಕರು ಇದಕ್ಕಾಗಿ ದುಡಿದರು. ಉತ್ಸವದ ನಂತರ ಅದು ಕೆಲಕಾಲ ಅದೇ ದ್ವೀಪದಲ್ಲಿ ನಿಂತು, 2016ರಲ್ಲಿ ಲಾಸ್ ವೇಗಸ್ ನಗರದಲ್ಲಿ ದೊಡ್ಡ ಕ್ಯಾಸಿನೊ ಉದ್ಯಮವೊಂದು ನಿರ್ಮಿಸಿದ ಉದ್ಯಾನದಲ್ಲಿ ನೆಲೆಗೊಂಡಿತು. ಇದರಲ್ಲಿ ಮೋಸವಿದೆಯೆಂದು ಹೇಳಲು ಯಾವ ಕಾರಣವೂ ಇಲ್ಲ. ಸ್ವಯಂಸೇವಕರು ತಿಳಿದೇ ಶ್ರಮವಿತ್ತರು, ಶಿಲ್ಪಕ್ಕೆ ಶಾಶ್ವತ ನೆಲೆ ದೊರೆತದ್ದು ಅವರಲ್ಲಿ ಅನೇಕರಿಗೆ ಹೆಮ್ಮೆ ತಂದಿರಲೂಬಹುದು. ಇಲ್ಲಿ ಗಮನಿಸಬೇಕಾದದ್ದು ತರ್ಕದ ಅಂಶವೊಂದನ್ನು ಮಾತ್ರ: ಕೃತಿಯು ಮರುಭೂಮಿಯ ಕೊಡುಗೆಯ ಲೋಕದಿಂದ ಮನರಂಜನಾ ಉದ್ಯಮದ ಅಂಗಳಕ್ಕೆ ಸಾಗಬಹುದಾದರೆ, ಸ್ವಯಂಸೇವಕರ ಬೆವರಿನಿಂದ ಕೃತಿಯ ಮುಂದಿನ ಬಾಳಿನ ಮೇಲೆ ಅವರಿಗೆ ಯಾವ ಹಕ್ಕೂ ತಾನಾಗಿ ಹುಟ್ಟುವುದಿಲ್ಲ ಎಂದೇ ಅರ್ಥ. ಅಲ್ಲದೆ, ಸಂಬಳವಿಲ್ಲದೆ ತಿಂಗಳುಗಟ್ಟಲೆ ದುಡಿಯುವ ಬಿಡುವು ಎಲ್ಲರಿಗೂ ಇರುವುದಿಲ್ಲ. 2023ರಲ್ಲಿ ಮುಖ್ಯ ಮಾರಾಟದ ಟಿಕೆಟಿಗೇ 575 ಡಾಲರ್ ತೆರಬೇಕಾಗಿದ್ದ ಉತ್ಸವದಲ್ಲಿ, ದುಡಿಯಲು ಬಂದವರು ಯಾರು ಎಂಬುದರ ಜೊತೆಗೆ ಬರಲಾರದೆ ಹೋದವರು ಯಾರು ಎಂಬುದನ್ನೂ ಕೇಳಿಕೊಳ್ಳದೆ ಸಮುದಾಯದ ಮಾತಾಡುವುದು ಅವಸರದ ಮಾತಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ದುಡಿದವರಿಗೆಲ್ಲ, ಕೊಟ್ಟವರಿಗೆಲ್ಲ ಅಧಿಕಾರ ಬೇಕೆಂದರೆ ಶಿಲ್ಪವನ್ನು ಸಮಿತಿ ಕಡೆಯಬೇಕಾಗುತ್ತದೆ, ಸಮಿತಿ ಕಡೆದ ಶಿಲ್ಪಕ್ಕೆ ಮುಖವೇ ಇರುವುದಿಲ್ಲ ಎಂಬುದು ಆ ಆಕ್ಷೇಪ. ಇದರಲ್ಲಿ ಹುರುಳಿದೆ. ಒಂಟಿ ಪಾದದ ಮೇಲೆ ನಿಂತ 40 ಅಡಿಯ ಆಕೃತಿಯನ್ನು ಮರುಭೂಮಿಯ ಬಿರುಗಾಳಿ ಬುಡಮೇಲು ಮಾಡಲು ಯತ್ನಿಸುವಾಗ, ಅದರ ಇಡೀ ಭಾರ ಪಾದದ ಕೆಳಗಿನ ಉಕ್ಕಿನ ತಳಹಲಗೆಯ ಮೂಲಕ ನೆಲಕ್ಕೆ ಇಳಿಯಬೇಕು. ಆ ಹಲಗೆ ಎಷ್ಟು ದಪ್ಪವಿರಬೇಕು, ನೆಲದೊಳಗೆ ಇಳಿಸುವ ಗೂಟಗಳು ಎಷ್ಟು ಆಳಕ್ಕೆ ಹೋಗಬೇಕು ಎಂಬುದನ್ನು ಕೈಯೆತ್ತಿಸಿ ತೀರ್ಮಾನಿಸಲಾಗುವುದಿಲ್ಲ. ಆದರೆ ಆಕ್ಷೇಪವು ಎಲ್ಲ ತೀರ್ಮಾನಗಳನ್ನೂ ಒಂದೇ ಜಾತಿಗೆ ಸೇರಿಸಿಬಿಡುತ್ತದೆ. ರೂಪದ ತೀರ್ಮಾನ ಕಲಾವಿದನದು, ಭಾರ ಮತ್ತು ಗಾಳಿಯ ಲೆಕ್ಕ ಎಂಜಿನಿಯರನದು. ಜಾಗ, ಅವಧಿ, ಹಣದ ಲೆಕ್ಕಪತ್ರ, ದುಡಿಯುವವರ ಸುರಕ್ಷತೆ, ಉತ್ಸವದ ನಂತರ ಕೃತಿಯ ಗತಿ, ಇವೆಲ್ಲ ಮೂರನೆಯ ಗುಂಪಿನವು. ಮೊದಲ ಎರಡನ್ನು ಬಲ್ಲವರಿಗೆ ಬಿಟ್ಟುಕೊಡಬೇಕೆಂಬುದರಿಂದ ಮೂರನೆಯದನ್ನೂ ಅವರಿಗೇ ಬಿಟ್ಟುಕೊಡಬೇಕೆಂದು ಸಿದ್ಧವಾಗುವುದಿಲ್ಲ. ಅಮೆರಿಕದ ಚಿಂತಕಿ ಶೆರಿ ಆರ್ನ್‌ಸ್ಟೈನ್ 1969ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದ್ದಳು. ಜನರನ್ನು ಕುಣಿಸಿಕೊಳ್ಳುವುದು ಅದರ ಕೆಳಗಿನ ತುದಿಯಾದರೆ, ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು ನಡುವಿನ ಮೆಟ್ಟಿಲುಗಳು. ನಿಜವಾದ ಅಧಿಕಾರದ ಹಂಚಿಕೆ ಆರಂಭವಾಗುವುದು ಸಹಭಾಗಿತ್ವವೆಂಬ ಆರನೆಯ ಮೆಟ್ಟಿಲಿನಿಂದ. ನಗರ ಯೋಜನೆಯನ್ನು ಕುರಿತು ರೂಪಿಸಿದ ಈ ಏಣಿ ಶಿಲ್ಪಕ್ಕೂ ಹೊಂದುತ್ತದೆ. ಮೂರನೆಯ ಗುಂಪಿನ ತೀರ್ಮಾನಗಳಲ್ಲಿ ಪಾಲಿಲ್ಲದ ಸ್ವಯಂಸೇವಕ ಎಷ್ಟೇ ಸಂತೋಷದಿಂದ ದುಡಿದರೂ ಏಣಿಯ ಕೆಳಭಾಗದಲ್ಲೇ ನಿಂತಿರುತ್ತಾನೆ.

ಸಮುದಾಯವೆಂದರೆ ಯಾರು ಎಂಬುದು ಇನ್ನೊಂದು ತೊಡಕು. ಉತ್ಸವದ ಸಮುದಾಯವು ಆಸಕ್ತಿಯಿಂದ ಕೂಡಿದ್ದು, ಸ್ಥಳದ ಸಮುದಾಯವು ಬಾಳಿನಿಂದ ಕೂಡಿದ್ದು. ಬ್ಲ್ಯಾಕ್ ರಾಕ್ ಮರುಭೂಮಿಗೆ ಹೋಗುವ ಮುಖ್ಯ ರಸ್ತೆ ಪಿರಮಿಡ್ ಸರೋವರದ ಪೈಯೂಟ್ ಮೂಲನಿವಾಸಿಗಳ ನೆಲದ ಮೂಲಕ ಹಾಯುತ್ತದೆ. ಬಳಿಯ ಗೆರ್ಲಾಕ್ ಒಂದು ಪುಟ್ಟ ಊರು. ವಾರದ ನಗರದ ಗದ್ದಲ, ವಾಹನಸಂದಣಿ, ವ್ಯಾಪಾರ ಎಲ್ಲವೂ ಇವರನ್ನು ಮುಟ್ಟುತ್ತವೆಯಾದರೂ ಶಿಲ್ಪದ ಬಗ್ಗೆ ಸಮುದಾಯವೆಂದು ಮಾತಾಡುವಾಗ ಇವರು ಎಣಿಕೆಗೆ ಬರುವುದು ಅಪರೂಪ. ಶಿಲ್ಪವು ಉತ್ಸವದಿಂದ ನಗರಕ್ಕೆ ಬಂದಾಗ ತೊಡಕು ಇನ್ನೂ ಬಿಗಿಯಾಗುತ್ತದೆ. ಕೊಕ್ರೇನ್ 2015ರಲ್ಲಿ ಉತ್ಸವಕ್ಕೆ ಮಾಡಿದ 45 ಅಡಿಯ ‘ಆರ್-ಎವಲ್ಯೂಷನ್’ ಎಂಬ ನಗ್ನ ಸ್ತ್ರೀಶಿಲ್ಪವನ್ನು 2025ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಎಂಬಾರ್ಕಡೆರೊ ಚೌಕದಲ್ಲಿ ನಿಲ್ಲಿಸಿದಾಗ ಮೆಚ್ಚಿಕೆಯ ಜೊತೆಗೆ ತೀವ್ರವಾದ ಟೀಕೆಯೂ ಕೇಳಿಬಂತು. ಮರುಭೂಮಿಯಲ್ಲಿ ಅದನ್ನು ನೋಡಿದವರು ನೋಡಲೆಂದೇ ಬಂದವರು, ಚೌಕದಲ್ಲಿ ನೋಡಿದವರು ಕಚೇರಿಗೆ ಹೋಗುವ ದಾರಿಯಲ್ಲಿ ಅದನ್ನು ಎದುರುಗೊಂಡವರು. ಒಂದು ಸಮುದಾಯದ ಬೆಂಬಲವನ್ನು ಲಾರಿಗೆ ಹೇರಿಕೊಂಡು ಇನ್ನೊಂದು ಸಮುದಾಯದ ಅಂಗಳಕ್ಕೆ ಸಾಗಿಸಲು ಬರುವುದಿಲ್ಲ.

ಹಾಗಾದರೆ ಸ್ಥಳೀಯರ ಅಭಿಪ್ರಾಯವನ್ನು ಎಣಿಸಿ ತೀರ್ಮಾನಿಸಿದರೆ ಸಾಕಲ್ಲವೇ ಎಂಬ ಪ್ರಶ್ನೆಗೆ ಶಿಲ್ಪಿ ರಿಚರ್ಡ್ ಸೆರಾನ ‘ಟಿಲ್ಟೆಡ್ ಆರ್ಕ್’ ಪ್ರಕರಣ ಎಚ್ಚರಿಕೆಯ ಉತ್ತರ ಕೊಡುತ್ತದೆ. 120 ಅಡಿ ಉದ್ದ, 12 ಅಡಿ ಎತ್ತರದ ಈ ಬಾಗಿದ ಉಕ್ಕಿನ ಗೋಡೆಯನ್ನು ಸರ್ಕಾರಿ ಸಂಸ್ಥೆಯೊಂದು 1981ರಲ್ಲಿ ನ್ಯೂಯಾರ್ಕಿನ ಫೆಡರಲ್ ಪ್ಲಾಜಾದಲ್ಲಿ ನಿಲ್ಲಿಸಿತು. ತಮ್ಮ ಅಂಗಳವನ್ನು ಅದು ಸೀಳಿತೆಂದು ಅಲ್ಲಿನ ಕಚೇರಿಗಳ ನೌಕರರು ದೂರಿದರು. 1985ರ ಬಹಿರಂಗ ವಿಚಾರಣೆಯಲ್ಲಿ ಮಾತಾಡಿದವರಲ್ಲಿ 122 ಮಂದಿ ಶಿಲ್ಪ ಉಳಿಯಬೇಕೆಂದರು, 58 ಮಂದಿ ತೆಗೆಯಬೇಕೆಂದರು. ಆದರೂ ವಿಚಾರಣೆ ನಡೆಸಿದ ಸಮಿತಿ ತೆಗೆಯುವಂತೆ ಶಿಫಾರಸು ಮಾಡಿತು, 1989ರಲ್ಲಿ ಅದನ್ನು ಕತ್ತರಿಸಿ ತೆಗೆಯಲಾಯಿತು. ಪರವಾಗಿ ಮಾತಾಡಿದವರಲ್ಲಿ ಕಲಾಲೋಕದ ಅನೇಕರಿದ್ದರು, ವಿರೋಧಿಸಿದವರಲ್ಲಿ ಆ ಚೌಕವನ್ನು ದಿನವೂ ದಾಟುವವರಿದ್ದರು. ಯಾರ ಸಂಖ್ಯೆ ಹೆಚ್ಚೆಂಬುದು ಇಲ್ಲಿ ಏನನ್ನೂ ಬಗೆಹರಿಸಲಿಲ್ಲ, ಏಕೆಂದರೆ ಯಾರನ್ನು ಎಣಿಸಬೇಕು ಎಂಬುದೇ ವಿವಾದದ ವಿಷಯವಾಗಿತ್ತು. ಶಿಲ್ಪ ನಿಲ್ಲುವುದಕ್ಕೆ ಮೊದಲೇ ಈ ಚರ್ಚೆ ನಡೆದಿದ್ದರೆ ಒಂದೋ ಜಾಗ ಬದಲಾಗುತ್ತಿತ್ತು, ಇಲ್ಲವೋ ವಿರೋಧದ ಕಾವು ತಗ್ಗುತ್ತಿತ್ತು. ಒಪ್ಪಿಗೆಯೆಂಬುದು ಕೊನೆಯಲ್ಲಿ ಪಡೆಯುವ ಸಹಿಯಾಗದೆ, ಮೊದಲಲ್ಲೇ ನಡೆಯುವ ಮಾತುಕತೆಯಾಗಬೇಕು.

ಉಳಿದದ್ದು ಹೊಣೆ. ನಾಲ್ಕರಲ್ಲಿ ಇದಕ್ಕೇ ಹೆಚ್ಚಿನ ತೂಕವಿದೆಯೆಂಬುದನ್ನು ಲಾಸ್ ಏಂಜಲೀಸಿನ ವಾಟ್ಸ್ ಗೋಪುರಗಳ ಕಥೆ ವಿಲೋಮವಾಗಿ ತೋರಿಸುತ್ತದೆ. ಇಟಲಿಯಿಂದ ವಲಸೆ ಬಂದ ಕೂಲಿಗಾರ ಸೈಮನ್ ರೋಡಿಯಾ 1921ರಿಂದ 1954ರವರೆಗೆ ಒಬ್ಬನೇ ಉಕ್ಕಿನ ಸರಳುಗಳಿಗೆ ತಂತಿಬಲೆ ಸುತ್ತಿ, ಗಾರೆ ಮೆತ್ತಿ, ಒಡೆದ ಹೆಂಚು, ಸೀಸೆಯ ಚೂರು, ಕಪ್ಪೆಚಿಪ್ಪುಗಳನ್ನು ಅದರಲ್ಲಿ ಅಂಟಿಸಿ, ಸುಮಾರು 100 ಅಡಿಯವರೆಗೂ ಏರುವ ಗೋಪುರಗಳನ್ನು ಕಟ್ಟಿದನು. ಹಣ ಅವನದು, ದುಡಿಮೆ ಅವನದು, ಯಾರ ಒಪ್ಪಿಗೆಯನ್ನೂ ಅವನು ಕೇಳಲಿಲ್ಲ. ಅವನು ಊರು ಬಿಟ್ಟುಹೋದ ಮೇಲೆ ನಗರಾಡಳಿತ ಅವು ಅಪಾಯಕಾರಿಯೆಂದು ಕೆಡವಲು ಆದೇಶಿಸಿದಾಗ, ಅವುಗಳನ್ನು ಉಳಿಸಲೆಂದೇ ನಾಗರಿಕರ ಸಮಿತಿಯೊಂದು ಹುಟ್ಟಿಕೊಂಡಿತು. 1959ರ ಅಕ್ಟೋಬರಿನಲ್ಲಿ ಗೋಪುರಕ್ಕೆ ಉಕ್ಕಿನ ಹಗ್ಗ ಬಿಗಿದು 10,000 ಪೌಂಡ್ ಬಲದಿಂದ ಜಗ್ಗಿ ಪರೀಕ್ಷಿಸಲಾಯಿತು. ಗೋಪುರ ಕದಲಲಿಲ್ಲ, ಆದೇಶ ರದ್ದಾಯಿತು. ಸಮುದಾಯದ ಒಂದು ಕಾಸೂ ಒಂದು ಹನಿ ಬೆವರೂ ಸೇರದೆ ಹುಟ್ಟಿದ ಕೃತಿ, ಅದನ್ನು ಕಾಯುವ ಹೊರೆಯನ್ನು ಜನ ಹೊತ್ತಾಗ ಜನರದಾಯಿತು. ಹಣ ಮತ್ತು ದುಡಿಮೆ ಇದ್ದೂ ಕೃತಿ ಸಮುದಾಯದ್ದಾಗದಿರಬಹುದೆಂದು ಹಿಂದಿನ ಉದಾಹರಣೆಗಳು ತೋರಿಸಿದರೆ, ಅವೆರಡೂ ಇಲ್ಲದೆಯೂ ಆಗಬಹುದೆಂದು ಇದು ತೋರಿಸುತ್ತದೆ. ಅಂದಮೇಲೆ ನಿರ್ಣಾಯಕವಾದ ಅಂಶವನ್ನು ಬೇರೆಡೆ ಹುಡುಕಬೇಕು: ಹೊಣೆ ಮತ್ತು ಆ ಹೊಣೆಗೆ ತಕ್ಕ ಅಧಿಕಾರ ಎರಡೂ ಒಂದೇ ಕೈಗಳಲ್ಲಿ ಸೇರಿವೆಯೇ ಎಂಬಲ್ಲಿ.

ಕೆಲವೇ ದಿನ ನಿಂತು ಅಳಿದುಹೋಗುವ ಉತ್ಸವ ಶಿಲ್ಪಕ್ಕೆ ಈ ಅಳತೆಗೋಲು ಹೇಗೆ ಹೊಂದೀತು, ಅಲ್ಲಿ ಕಾಪಾಡುವ ಮಾತೇ ಇಲ್ಲವಲ್ಲ ಎಂದು ಕೇಳಬಹುದು. ವಾಸ್ತವವಾಗಿ ಅಲ್ಪಾಯುಷ್ಯದ ಶಿಲ್ಪದಲ್ಲಿ ಹೊಣೆ ಕಡಿಮೆಯಾಗುವುದಿಲ್ಲ, ಅಂತ್ಯದ ಕೆಲವು ಗಂಟೆಗಳಲ್ಲಿ ಒತ್ತಾಗಿ ಸೇರಿಕೊಳ್ಳುತ್ತದೆ. ಬರ್ನಿಂಗ್ ಮ್ಯಾನ್‌ನಲ್ಲಿ ಸುಡಲೆಂದೇ ಕಟ್ಟಿದ ಶಿಲ್ಪದ ಕೆಳಗೆ ಮರುಭೂಮಿಯ ನೆಲ ಬೆಂದು ಕಲೆಯಾಗದಂತೆ ರಕ್ಷಣಾ ಪದರವನ್ನು ಹಾಸಬೇಕು. ಉರಿ ಆರಿದ ಮೇಲೆ ಅಯಸ್ಕಾಂತ ಕಟ್ಟಿದ ಕುಂಟೆಗಳಿಂದ ಬೂದಿಯನ್ನು ಬಾಚಿ ಮೊಳೆ, ತಿರುಪು, ತಂತಿಯ ತುಂಡುಗಳನ್ನು ಹೆಕ್ಕಬೇಕು. ಉತ್ಸವ ಮುಗಿದ ಬಳಿಕ ಜನ ಸಾಲಾಗಿ ನಿಂತು, ಕಣ್ಣನ್ನು ನೆಲಕ್ಕೆ ನೆಟ್ಟು, ಮರದ ಸಿಬಿರನ್ನೂ ಬಟ್ಟೆಯಿಂದ ಉದುರಿದ ಮಿನುಗು ಚೂರನ್ನೂ ಬಿಡದೆ ಆಯುತ್ತಾ ಇಡೀ ಬಯಲನ್ನು ನಡೆದು ಮುಗಿಸುತ್ತಾರೆ. ಈ ಸಾರ್ವಜನಿಕ ಭೂಮಿಯನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆಯ ಪರಿಶೀಲನೆಯಲ್ಲಿ ಎಕರೆಗೆ ಸರಾಸರಿ 1 ಚದರ ಅಡಿಗಿಂತ ಹೆಚ್ಚು ಕಸ ಕಾಣಬಾರದು, ಕಂಡರೆ ಮುಂದಿನ ಪರವಾನಗಿಗೆ ತೊಡಕಾಗುತ್ತದೆ. ಆ ಉತ್ಸವದಲ್ಲಿ ಸಮುದಾಯವೆಂಬುದು ಅತ್ಯಂತ ನಿಜವಾಗಿ ಕಾಣುವುದು ಶಿಲ್ಪ ಉರಿಯುವಾಗ ಎದ್ದ ಕೇಕೆಯಲ್ಲಿ ಅಲ್ಲ, ಬೂದಿಯಿಂದ ಮೊಳೆ ಹೆಕ್ಕುವ ಈ ಬೇಸರದ ಕೆಲಸದಲ್ಲಿ ಎಂದರೆ ಅತಿಶಯವಲ್ಲ.

ಅಂತ್ಯವನ್ನು ಮೊದಲೇ ಹಂಚಿಕೊಂಡ ಕೃತಿಗೆ ಡೇವಿಡ್ ಬೆಸ್ಟ್ ಎಂಬ ಶಿಲ್ಪಿಯ ಮರದ ‘ದೇಗುಲ’ಗಳು ಒಳ್ಳೆಯ ಮಾದರಿ. 2000ದಲ್ಲಿ ಬೆಸ್ಟ್ ಮತ್ತು ಗೆಳೆಯರು ಮಕ್ಕಳ ಆಟಿಕೆಯ ಆಕಾರಗಳನ್ನು ಕತ್ತರಿಸಿ ತೆಗೆದಮೇಲೆ ಉಳಿದ ಪ್ಲೈವುಡ್ ಹಾಳೆಗಳಿಂದ ಮೊದಲ ದೇಗುಲವನ್ನು ಕಟ್ಟಿದರು. ಉತ್ಸವಕ್ಕೆ ಹೊರಡುವ ಮುನ್ನ ತಂಡದ ಯುವಕನೊಬ್ಬ ಅಪಘಾತದಲ್ಲಿ ತೀರಿಕೊಂಡದ್ದರಿಂದ ಅದು ಅವನ ಸ್ಮಾರಕವಾಯಿತು. ಮುಂದಿನ ವರ್ಷಗಳಲ್ಲಿ ಅಗಲಿದವರ ಹೆಸರುಗಳನ್ನು ಜನ ಅದರ ಗೋಡೆಗಳ ಮೇಲೆ ಬರೆಯುವುದೂ ಉತ್ಸವದ ಕೊನೆಯ ರಾತ್ರಿ ಅದನ್ನು ಮೌನದಲ್ಲಿ ಸುಡುವುದೂ ರೂಢಿಯಾಯಿತು. 2015ರಲ್ಲಿ ಇದೇ ಬೆಸ್ಟ್ ಬ್ರಿಟನ್ನಿನ ‘ಆರ್ಟಿಚೋಕ್’ ಸಂಸ್ಥೆಯ ಜೊತೆಗೂಡಿ ಉತ್ತರ ಐರ್ಲೆಂಡಿನ ಡೆರಿ ನಗರದಲ್ಲಿ ಸುಮಾರು 70 ಅಡಿ ಎತ್ತರದ ದೇಗುಲವನ್ನು ಸ್ಥಳೀಯರ ಕೈಯಿಂದ ಕಟ್ಟಿಸಿ, ಮಾರ್ಚ್ 21ರಂದು ಸುಡಿಸಿದನು. ಆ ನಾಡಿನಲ್ಲಿ ದೊಡ್ಡ ಬೆಂಕಿ ಉರಿಸುವುದು ಎರಡು ಪಂಗಡಗಳು ಒಂದರ ಎದುರು ಒಂದು ಗರ್ವ ಮೆರೆಯುವ ವಾರ್ಷಿಕ ಆಚರಣೆ. ಎರಡೂ ಕಡೆಯವರು ಒಂದೇ ಗೋಡೆಯ ಮೇಲೆ ತಮ್ಮ ದುಃಖಗಳನ್ನು ಬರೆದು, ಒಂದೇ ಬೆಂಕಿಯ ಸುತ್ತ ನಿಲ್ಲುವಂತಾದದ್ದರಿಂದ ಆ ಊರಿನ ಅನುಭವದಲ್ಲಿ ಬೆಂಕಿಗಿದ್ದ ಅರ್ಥಕ್ಕೆ ಇನ್ನೊಂದು ಸೇರಿತು. ಇಲ್ಲಿಯೂ ರೂಪ ಕಲಾವಿದನದೇ, ಹಣವನ್ನು ಮುಖ್ಯವಾಗಿ ಸಂಸ್ಥೆಗಳೇ ಹೊಂದಿಸಿದವು. ಹಣದ ಮೂಲದಿಂದ ಅಳೆದರೆ ಇದು ಜನನಿಧಿಯ ಶಿಲ್ಪಗಳಿಗಿಂತ ಕಡಿಮೆ ಸಾಮುದಾಯಿಕ. ಆದರೂ ಕೃತಿ ಏನಾಗುತ್ತದೆಂಬುದು ಎಲ್ಲರಿಗೂ ಮೊದಲೇ ತಿಳಿದಿತ್ತು, ಅದರ ಒಳಗೆ ಏನಿರಬೇಕೆಂಬುದನ್ನು ಬರೆದವರು ಊರಿನವರು, ಅದು ಯಾರ ಸ್ವತ್ತಾಗಿಯೂ ಉಳಿಯಲಿಲ್ಲ.

ಈ ವಾದಕ್ಕೆ ಎದುರಾಗುವ ಕೊನೆಯ ಮತ್ತು ಅತ್ಯಂತ ಗಂಭೀರವಾದ ಆಕ್ಷೇಪವೆಂದರೆ, ಹೊಣೆಯ ಜೊತೆಗೆ ಅಧಿಕಾರವನ್ನೂ ಸಮುದಾಯಕ್ಕೆ ಕೊಟ್ಟರೆ ಗಟ್ಟಿಯಾಗಿ ಕೂಗುವವರ ಕೈಗೆ, ಸಂಪ್ರದಾಯದ ಕಾವಲುಗಾರರ ಕೈಗೆ ಅದು ಸಿಕ್ಕಿ ಕಲೆಯ ಕತ್ತು ಹಿಸುಕುವುದಕ್ಕೆ ಬಳಕೆಯಾದೀತು ಎಂಬುದು. ಇದು ಕಲ್ಪನೆಯ ಭಯವಲ್ಲ. ಆದರೆ ಇದಕ್ಕೆ ಪರಿಹಾರ ಅಧಿಕಾರವನ್ನು ಬಚ್ಚಿಡುವುದರಲ್ಲಿ ಇಲ್ಲ, ಅದರ ಎಲ್ಲೆಯನ್ನು ಬರೆದಿಡುವುದರಲ್ಲಿದೆ. ಕೃತಿಯ ಅರ್ಥ ಮತ್ತು ರೂಪ ಸಮುದಾಯದ ಮತಕ್ಕೆ ಒಳಪಡಬಾರದು, ಜಾಗ, ಅವಧಿ ಮತ್ತು ಅಂತ್ಯ ಒಳಪಡಬೇಕು. ಕರ್ನಾಟಕದ ಓದುಗರಿಗೆ ಇದರ ಅಗತ್ಯ ಅರಿಯದ್ದೇನಲ್ಲ. 1893ರ ಸುಮಾರಿನಿಂದ ತಿಲಕರ ಪ್ರೇರಣೆಯಿಂದ ಸಾರ್ವಜನಿಕ ರೂಪ ಪಡೆದ ಗಣೇಶೋತ್ಸವವು ವಂತಿಗೆಯಿಂದ ನಡೆಯುವ, ಬಡಾವಣೆಯ ಯುವಕರ ದುಡಿಮೆಯಿಂದ ನಿಲ್ಲುವ, ಕೆಲವೇ ದಿನ ಬಾಳುವ ಬೃಹತ್ ಮೂರ್ತಿಗಳ ಉತ್ಸವವೇ ಆಗಿದೆ. ಅಲ್ಲಿ ಮೂರ್ತಿಯ ಎತ್ತರವನ್ನು ಮಂಡಳಿ ತೀರ್ಮಾನಿಸುತ್ತದೆ, ವಂತಿಗೆಯನ್ನು ಬೀದಿಯವರೆಲ್ಲ ಕೊಡುತ್ತಾರೆ. ಆದರೆ ವಿಸರ್ಜನೆಯ ಮರುದಿನ ಕೆರೆಯಂಚಿನಲ್ಲಿ ಕರಗದೆ ಬಿದ್ದ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಡುಗಳನ್ನೂ ಕಂಬಿಗಳನ್ನೂ ಎತ್ತುವವರು ಪೌರಕಾರ್ಮಿಕರು. ಅಂಥ ಮೂರ್ತಿಗಳ ಮೇಲೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನಿರ್ಬಂಧ ಹೇರಬೇಕಾಗಿ ಬಂದದ್ದೇ, ವಂತಿಗೆ ಮತ್ತು ಉತ್ಸಾಹ ಎಷ್ಟೇ ವಿಶಾಲವಾಗಿದ್ದರೂ ಹೊಣೆ ತಾನಾಗಿ ಅವುಗಳ ಹಿಂದೆ ಬರುವುದಿಲ್ಲವೆಂಬುದಕ್ಕೆ ಸಾಕ್ಷಿ.

ಇಷ್ಟರಿಂದ ಉತ್ಸವ ಶಿಲ್ಪದ ಯೋಜಕರು ಪಾಲಿಸಬಹುದಾದ, ಪಾಲಿಸಲೇಬೇಕಾದ ಕೆಲವು ನಿಯಮಗಳು ಹೊರಡುತ್ತವೆ.

1. ದೇಣಿಗೆ ಕೇಳುವ ದಿನವೇ ಕೃತಿಯ ಒಡೆತನ ಯಾರದು, ಉತ್ಸವದ ನಂತರ ಅದರ ಗತಿ ಏನು, ಮಾರಿದರೆ ಬಂದ ಹಣ ಯಾರಿಗೆ ಸಲ್ಲುತ್ತದೆ ಎಂಬುದನ್ನು ಬರಹದಲ್ಲಿ ತಿಳಿಸಬೇಕು.

2. ದುಡಿಯುವವರಿಗೆ ವಿಮೆ, ತರಬೇತಿ, ಊಟದ ವ್ಯವಸ್ಥೆ ಇರಬೇಕು. ಕೃತಿಯ ಮುಂದಿನ ಬಾಳನ್ನು ನಿರ್ಧರಿಸುವ ಮಂಡಳಿಯಲ್ಲಿ ಅವರ ಪ್ರತಿನಿಧಿಗಳಿಗೆ ಮತವಿರಬೇಕು.

3. ಶಿಲ್ಪ ನಿಲ್ಲುವ ಜಾಗದಲ್ಲಿ ಬಾಳುವವರ ಜೊತೆ ವಿನ್ಯಾಸ ಅಂತಿಮವಾಗುವ ಮೊದಲೇ ಮಾತುಕತೆ ನಡೆಯಬೇಕು, ಮತ್ತು ಬೇಡವೆನ್ನುವ ಆಯ್ಕೆ ಅವರಿಗೆ ನಿಜವಾಗಿ ಇರಬೇಕು.

4. ಕಳಚುವ, ಸಾಗಿಸುವ ಅಥವಾ ಸುಡುವ ಮತ್ತು ನೆಲವನ್ನು ಮೊದಲಿನಂತೆ ಮಾಡುವ ವೆಚ್ಚವನ್ನು ಮೂಲ ಅಂದಾಜುಪಟ್ಟಿಯಲ್ಲೇ ಸೇರಿಸಿ ತೆಗೆದಿಡಬೇಕು. ಹಾಗೆ ಮಾಡಲಾಗದಿದ್ದರೆ ಶಿಲ್ಪದ ಗಾತ್ರವನ್ನೇ ಇಳಿಸಬೇಕು.

ಇವು ಕಲಾವಿದನ ಕೈಕಟ್ಟುವ ನಿಯಮಗಳಲ್ಲ. ರೂಪದ ವಿಷಯದಲ್ಲಿ ಇವು ಒಂದು ಮಾತನ್ನೂ ಆಡುವುದಿಲ್ಲ. ಒಬ್ಬ ಸಿರಿವಂತನ ಹಣದಿಂದ ಮಾಡಿದ ಒಳ್ಳೆಯ ಶಿಲ್ಪ ಒಳ್ಳೆಯ ಶಿಲ್ಪವೇ, ಒಂಟಿಯಾಗಿ ಕಟ್ಟಿದ ಗೋಪುರವೂ ಮಹತ್ತಾದ ಕಲೆಯೇ. ಅವು ಸಮುದಾಯದವೆಂದು ಹೇಳಿಕೊಳ್ಳಬೇಕಾದ ಅಗತ್ಯವಿಲ್ಲ, ಹೇಳಿಕೊಳ್ಳದಿದ್ದರೆ ಅವುಗಳ ಬೆಲೆಯೂ ತಗ್ಗುವುದಿಲ್ಲ. ತಗಾದೆ ಇರುವುದು, ಸಮುದಾಯದ ಹೆಸರಿನಲ್ಲಿ ಹಣವನ್ನೂ ಬೆವರನ್ನೂ ಪಡೆದು, ಆ ಹೆಸರು ಹೊರಿಸುವ ಕಟ್ಟುಪಾಡನ್ನು ಮಾತ್ರ ಬಿಟ್ಟುಬಿಡುವ ರೂಢಿಯ ಬಗ್ಗೆ. ದೇಣಿಗೆದಾರರ ಪಟ್ಟಿ ಎಷ್ಟೇ ಉದ್ದವಿರಲಿ, ಕೃತಿಯ ಅಂತ್ಯವನ್ನು ನಿರ್ಧರಿಸುವ ಸಭೆಯಲ್ಲಿ ಜನರಿಗೆ ಮತವಿಲ್ಲದಿದ್ದರೆ ಅದು ಜನರ ನೆರವಿನಿಂದ ಆದ ಕಲಾವಿದನ ಶಿಲ್ಪ. ಹಾಗೆಂದು ಪ್ರಾಮಾಣಿಕವಾಗಿ ಫಲಕದ ಮೇಲೆ ಬರೆದುಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ. ಸಮುದಾಯದ ಶಿಲ್ಪವೆಂದು ಬರೆಯಬೇಕೆನ್ನುವವರು ಮೊದಲು ಆ ಮತವನ್ನು ಕೊಡಲಿ.